ಮಾರ್ಟಿನಸ್ ಬೈಯರಿಂಕ್: ಮಾಧ್ಯಮವನ್ನು ಅರಿತ ವಿಜ್ಞಾನಿ, ತರಗತಿಯಲ್ಲಿ ಸೋತ ಶಿಕ್ಷಕ

ವಿಜ್ಞಾನ ಪಾಠದ ಪೀಠಿಕೆಗೆ ಒಬ್ಬ ವಿಜ್ಞಾನಿಯ ಬದುಕನ್ನು ಬಳಸಿಕೊಳ್ಳುವುದು ನಮ್ಮ ಬೋಧನಾಭ್ಯಾಸದಲ್ಲಿ ರೂಢಿಯಲ್ಲಿರುವ ಕ್ರಮ. ಸೂಕ್ಷ್ಮಜೀವಿಗಳ ಘಟಕ ಬಂದರೆ ಪ್ರಶಿಕ್ಷಣಾರ್ಥಿಗಳಾದ ನಾವು ಸಾಮಾನ್ಯವಾಗಿ ಲೂಯಿ ಪಾಶ್ಚರ್, ರಾಬರ್ಟ್ ಕಾಕ್, ಅಲೆಕ್ಸಾಂಡರ್ ಫ್ಲೆಮಿಂಗ್ ಈ ಮೂವರಲ್ಲಿ ಒಬ್ಬರನ್ನು ಆರಿಸಿಕೊಳ್ಳುತ್ತೇವೆ. ಈ ಸಲದ ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗಾಗಿ ನಾನು ಆರಿಸಿಕೊಂಡದ್ದು ನೆದರ್‌ಲ್ಯಾಂಡ್ಸ್ ದೇಶದ ಮಾರ್ಟಿನಸ್ ವಿಲ್ಲೆಮ್ ಬೈಯರಿಂಕ್ ಅವರನ್ನು. ಪಿಯುಸಿಯಲ್ಲಿ ವೈರಸ್ ಪಾಠ ಓದಿದವರಿಗೆ ಈ ಹೆಸರು ಪರಿಚಿತ. ಬೈಜೆರಿಂಕ್ ಎಂದು ಓದುವವರೂ ಇದ್ದಾರೆ. ವೈರಸ್ಸಿನ ಆ ಒಂದೆರಡು ಸಾಲುಗಳಾಚೆ ಅವರ ಬದುಕು ನಮ್ಮ ತರಗತಿಗಳಿಗೆ ಬರುವುದು ಅಪರೂಪ.

ಅವರನ್ನು ಆರಿಸಿಕೊಳ್ಳಲು ನನಗೆ ಎರಡು ಕಾರಣಗಳಿದ್ದವು. ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಶಾಸ್ತ್ರ ಓದುವಾಗ ಡೀಸೆಲ್, ಸೀಮೆಎಣ್ಣೆಗಳಂಥ ಹೈಡ್ರೋಕಾರ್ಬನ್‌ಗಳನ್ನು ಆಹಾರವಾಗಿ ಬಳಸುವ ಬ್ಯಾಕ್ಟೀರಿಯಾಗಳನ್ನು ಬೆಳೆಸಲು ಪೋಷಕ ಮಾಧ್ಯಮ ತಯಾರಿಸುವುದನ್ನು ಕಲಿತಿದ್ದೆ. ಆ ಮಾಧ್ಯಮದ ಹಿಂದಿರುವ ವಿಚಾರದ ಬೇರು ಬೈಯರಿಂಕ್ ಅವರ ಪ್ರಯೋಗಾಲಯದಲ್ಲಿದೆ. ಎರಡನೆಯ ಕಾರಣ ನಮ್ಮ ವೃತ್ತಿಗೆ ಸಂಬಂಧಿಸಿದ್ದು. ಅವರು ಶಾಲೆಗಳಲ್ಲಿ ಹನ್ನೆರಡು ವರ್ಷ, ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದರು. ಕಲಿಸುವ ಆಸೆ ಅವರಲ್ಲಿ ಬಹಳವಿತ್ತು. ಆದರೂ ವಿದ್ಯಾರ್ಥಿಗಳ ಪ್ರೀತಿ ಅವರಿಗೆ ದಕ್ಕಲಿಲ್ಲ. ಕಣ್ಣಿಗೆ ಕಾಣದ ಜೀವಿಗೆ ಯಾವ ಆಹಾರ ಬೇಕೆಂದು ಅಷ್ಟು ಸೂಕ್ಷ್ಮವಾಗಿ ಊಹಿಸಬಲ್ಲ ವ್ಯಕ್ತಿಗೆ ಎದುರು ಕುಳಿತ ವಿದ್ಯಾರ್ಥಿಗೆ ಏನು ಬೇಕೆಂಬುದು ಏಕೆ ತಿಳಿಯಲಿಲ್ಲ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ಅವರ ಬದುಕನ್ನು ಇಲ್ಲಿ ನಿರೂಪಿಸಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬೈಯರಿಂಕ್ ಹುಟ್ಟಿದ್ದು 1851ರ ಮಾರ್ಚ್ 16ರಂದು, ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ. ನಾಲ್ವರು ಮಕ್ಕಳಲ್ಲಿ ಕೊನೆಯವರು. ತಂದೆ ತಂಬಾಕಿನ ವ್ಯಾಪಾರ ಮಾಡುತ್ತಿದ್ದರು. ಮಗ ಹುಟ್ಟಿದ ಕೆಲವೇ ವರ್ಷಗಳಲ್ಲಿ ವ್ಯಾಪಾರ ದಿವಾಳಿಯಾಗಿ ಮನೆಯವರು ಊರು ಬಿಡಬೇಕಾಯಿತು. ಮುಂದೆ ತಂದೆ ರೈಲ್ವೆ ಕಂಪನಿಯೊಂದರಲ್ಲಿ ಗುಮಾಸ್ತರಾದರು. ತಂದೆಯನ್ನು ಕೈಬಿಟ್ಟ ಅದೇ ತಂಬಾಕಿನ ಗಿಡದ ರೋಗ ಮಗನಿಗೆ ಜಗತ್ಪ್ರಸಿದ್ಧಿ ತಂದುಕೊಟ್ಟಿತು ಎಂದು ಹೇಳಿದಾಗ ನನ್ನ ತರಗತಿಯ ಮಕ್ಕಳು ಕಿವಿ ನಿಮಿರಿಸಿದ್ದರು. ಜೀವನಚರಿತ್ರೆ ಹೇಳುವಾಗ ಇಂಥ ಒಂದು ಎಳೆ ಸಿಕ್ಕಿದರೆ ಅದನ್ನು ಮೊದಲೇ ತೋರಿಸುವುದು ಅನುಕೂಲ.

ಹನ್ನೆರಡು ವರ್ಷದವರೆಗೆ ಬಾಲಕ ಶಾಲೆಗೆ ಹೋಗಲಿಲ್ಲ. ತಂದೆಯೇ ಮನೆಯಲ್ಲಿ ಪಾಠ ಹೇಳಿದರು. 1863ರಲ್ಲಿ ಕುಟುಂಬ ಹಾರ್ಲೆಮ್ ಪಟ್ಟಣಕ್ಕೆ ಬಂದ ಮೇಲೆ ಶಾಲೆಗೆ ಸೇರಿದರು. ಗಿಡಗಳ ಮೇಲಿನ ಒಲವು ಆಗಲೇ ಬಲವಾಗಿತ್ತು. ಹದಿನೈದನೇ ವಯಸ್ಸಿನಲ್ಲಿ ಸಸ್ಯಸಂಗ್ರಹದ ಸ್ಪರ್ಧೆಯೊಂದರಲ್ಲಿ ಬಹುಮಾನ ಪಡೆದರು. ಆದರೆ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿಸುವಷ್ಟು ಹಣ ಮನೆಯಲ್ಲಿರಲಿಲ್ಲ. ಕೊನೆಗೆ ಬಂಧುವೊಬ್ಬರ ನೆರವಿನಿಂದ 1869ರಲ್ಲಿ ಡೆಲ್ಫ್ಟ್ ನಗರದ ಪಾಲಿಟೆಕ್ನಿಕ್ ಸೇರಿ ರಸಾಯನಶಾಸ್ತ್ರದ ದಾರಿ ಹಿಡಿದರು. ಅಲ್ಲಿ ಅವರ ಜೊತೆ ಒಂದೇ ವಸತಿಯಲ್ಲಿದ್ದ ಗೆಳೆಯ ಯಾಕೋಬಸ್ ವಾಂಟ್ ಹಾಫ್. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಪಡೆದವರು ಇವರೇ. ಇಬ್ಬರೂ ಕೋಣೆಯಲ್ಲೇ ರಾಸಾಯನಿಕ ಪ್ರಯೋಗಗಳನ್ನು ನಡೆಸುತ್ತಿದ್ದರಂತೆ.

ಸಸ್ಯದ ಒಲವಿಗೆ ರಸಾಯನಶಾಸ್ತ್ರದ ಶಿಸ್ತು ಸೇರಿದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು. ಒಂದು ಜೀವಿಯನ್ನು ನೋಡಿದ ಕೂಡಲೇ ಅದರ ಆಕಾರಕ್ಕಿಂತ ಮೊದಲು ಅದು ಏನನ್ನು ಒಳಗೆ ತೆಗೆದುಕೊಳ್ಳುತ್ತದೆ, ಏನನ್ನು ಹೊರಗೆ ಬಿಡುತ್ತದೆ ಎಂದು ಕೇಳುವ ಅಭ್ಯಾಸ ಅವರಿಗೆ ಬಂದದ್ದು ಈ ಎರಡೂ ಸೇರಿದ್ದರಿಂದ ಎಂದು ನನಗೆ ತೋರುತ್ತದೆ.

ಶಿಕ್ಷಕ ವೃತ್ತಿಯ ಹನ್ನೆರಡು ವರ್ಷಗಳು

ಡೆಲ್ಫ್ಟ್‌ನ ಓದು 1872ರಲ್ಲಿ ಮುಗಿಯಿತು. ಹೊಟ್ಟೆಪಾಡಿಗೆ ಅವರು ಶಿಕ್ಷಕರಾದರು. 1873ರಲ್ಲಿ ಉತ್ತರದ ವಾರ್ಫಮ್ ಎಂಬ ಸಣ್ಣ ಊರಿನ ಕೃಷಿ ಶಾಲೆ, ನಂತರ ಉಟ್ರೆಕ್ಟ್‌ನ ಒಂದು ಪ್ರೌಢಶಾಲೆ, 1876ರಿಂದ ವಾಗೆನಿಂಗನ್‌ನ ಕೃಷಿ ಶಾಲೆ ಹೀಗೆ 1885ರವರೆಗೆ ಪಾಠ ಹೇಳಿದರು. ಕೆಲಸ ಮಾಡುತ್ತಲೇ 1877ರಲ್ಲಿ ಲೈಡನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಎಲೆ, ಕಾಂಡಗಳ ಮೇಲೆ ಕೀಟಗಳಿಂದಾಗಿ ಏಳುವ ಗಂಟುಗಳು ಅವರ ಸಂಶೋಧನೆಯ ವಿಷಯ. ನಮ್ಮ ಹೊಂಗೆ, ಮಾವಿನ ಎಲೆಗಳ ಮೇಲೆ ಇಂಥ ಗಂಟುಗಳನ್ನು ಮಕ್ಕಳು ದಿನವೂ ನೋಡುತ್ತಾರೆ.

ವಿಷಯಜ್ಞಾನದಲ್ಲಿ ಅವರಿಗೆ ಕೊರತೆಯಿರಲಿಲ್ಲ. ಜೀವಶಾಸ್ತ್ರದ ಬಗ್ಗೆ ತಮಗಿದ್ದ ಉತ್ಸಾಹವನ್ನು ಹಂಚಬೇಕೆಂಬ ತವಕವೂ ಇತ್ತು. ಆದರೆ ವಿದ್ಯಾರ್ಥಿಗಳೊಂದಿಗೆ ಹೊಂದಿಕೊಳ್ಳಲು ಆಗಲಿಲ್ಲ. ಮಾತು ಕಟು. ತಮಗೆ ಸುಲಭವಾಗಿ ಕಂಡದ್ದು ಇತರರಿಗೂ ಕಾಣಲೇಬೇಕೆಂಬ ಹಠ. ವಿದ್ಯಾರ್ಥಿಗಳು ದೂರ ಸರಿದಂತೆಲ್ಲ ಅವರು ಖಿನ್ನತೆಗೆ ಜಾರುತ್ತಿದ್ದರು. ಇತ್ತ 1884ರಲ್ಲಿ, ಇನ್ನೂ ಮೂವತ್ಮೂರರ ಪ್ರಾಯದಲ್ಲೇ, ರಾಷ್ಟ್ರದ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದರು. ಹೊರಗೆ ಮನ್ನಣೆ, ತರಗತಿಯೊಳಗೆ ಒಂಟಿತನ. ಈ ಎರಡೂ ಒಟ್ಟಿಗೇ ನಡೆದವು.

ಕಾರ್ಖಾನೆಯ ಪ್ರಯೋಗಾಲಯ

1885ರಲ್ಲಿ ಡೆಲ್ಫ್ಟ್‌ನ ಯೀಸ್ಟ್ ಮತ್ತು ಮದ್ಯಸಾರ ಕಾರ್ಖಾನೆಯ ನಿರ್ದೇಶಕ ವಾನ್ ಮಾರ್ಕೆನ್ ಅವರನ್ನು ಸೂಕ್ಷ್ಮಜೀವಶಾಸ್ತ್ರಜ್ಞರನ್ನಾಗಿ ನೇಮಿಸಿಕೊಂಡರು. ಅಲ್ಲಿಯವರೆಗೆ ಬೈಯರಿಂಕ್ ಸಸ್ಯಶಾಸ್ತ್ರದ ಮನುಷ್ಯ. ಬ್ಯಾಕ್ಟೀರಿಯಾ ಬೆಳೆಸುವ ಕೆಲಸವನ್ನು ಮೂವತ್ತು ದಾಟಿದ ಮೇಲೆ ಹೊಸದಾಗಿ ಕಲಿತರು.

ಆ ಕಾಲದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ರಾಬರ್ಟ್ ಕಾಕ್ ಅವರ ಗುಂಪು ಜರ್ಮನಿಯಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳನ್ನು ಮಾಂಸದ ಸಾರಿಗೆ ಜೆಲಾಟಿನ್ ಅಥವಾ ಅಗರ್ ಸೇರಿಸಿ ಗಟ್ಟಿಮಾಡಿದ ಮಾಧ್ಯಮದ ಮೇಲೆ ಬೆಳೆಸುತ್ತಿತ್ತು. ಒಂದೊಂದು ಚುಕ್ಕೆಯಿಂದ ಒಂದೊಂದು ಜಾತಿಯನ್ನು ಬೇರ್ಪಡಿಸಲು ಇದು ಅದ್ಭುತ ವಿಧಾನ. ಆದರೆ ಮಾಂಸದ ಸಾರು ಮದುವೆ ಮನೆಯ ಊಟವಿದ್ದಂತೆ. ಸಿಕ್ಕಿದ್ದನ್ನು ಬೇಗ ಉಣ್ಣಬಲ್ಲವರು ಮೊದಲು ನುಗ್ಗಿ ಪಂಕ್ತಿ ತುಂಬಿಬಿಡುತ್ತಾರೆ. ಮಣ್ಣಿನಲ್ಲಿ ನಿಧಾನವಾಗಿ ಬೇರೆಯೇ ಕೆಲಸ ಮಾಡುವ ಜೀವಿಗಳು ಅಲ್ಲಿ ಹಿಂದೆ ಉಳಿಯುತ್ತವೆ, ಕೆಲವು ಬೆಳೆಯುವುದೇ ಇಲ್ಲ.

1888ರಲ್ಲಿ ಬೈಯರಿಂಕ್ ದ್ವಿದಳ ಸಸ್ಯಗಳ ಬೇರುಗಂಟುಗಳೊಳಗಿನ ಬ್ಯಾಕ್ಟೀರಿಯಾವನ್ನು ಮೊದಲ ಬಾರಿಗೆ ಶುದ್ಧ ರೂಪದಲ್ಲಿ ಬೆಳೆಸಿದರು. ಈ ಗಂಟುಗಳಿಗೂ ಗಾಳಿಯ ಸಾರಜನಕದ ಬಳಕೆಗೂ ಸಂಬಂಧವಿದೆಯೆಂದು ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ ಎಂಬ ಜರ್ಮನ್ ವಿಜ್ಞಾನಿಗಳು ಅದೇ ಕಾಲಕ್ಕೆ ತೋರಿಸಿದ್ದರು. ಗಂಟಿನೊಳಗಿನ ಜೀವಿಯನ್ನು ಹೊರತಂದು ಬೆಳೆಸುವ ಕೆಲಸ ಬಾಕಿಯಿತ್ತು. ಬೈಯರಿಂಕ್ ಮಾಂಸದ ಸಾರನ್ನು ಬದಿಗಿಟ್ಟು, ದ್ವಿದಳ ಗಿಡದ್ದೇ ಕಷಾಯ ಮಾಡಿ, ಅದಕ್ಕೆ ಜೆಲಾಟಿನ್, ಸ್ವಲ್ಪ ಸಕ್ಕರೆ, ಸ್ವಲ್ಪ ಆಸ್ಪರಾಜಿನ್ ಸೇರಿಸಿದರು. ಜೀವಿ ಎಲ್ಲಿ ವಾಸಿಸುತ್ತದೋ ಆ ಮನೆಯ ಅಡುಗೆಯನ್ನೇ ಬಡಿಸಿದಂತಾಯಿತು. ಬ್ಯಾಕ್ಟೀರಿಯಾ ಬೆಳೆಯಿತು. ಅವರು ಅದಕ್ಕೆ ಬ್ಯಾಸಿಲಸ್ ರಾಡಿಸಿಕೋಲಾ ಎಂದು ಹೆಸರಿಟ್ಟರು. ಇಂದು ನಮ್ಮ ಎಂಟನೇ ತರಗತಿಯ ಮಕ್ಕಳು ರೈಜೋಬಿಯಂ ಎಂದು ಬಾಯಿಪಾಠ ಮಾಡುವ ಜೀವಿ ಅದೇ. ತೊಗರಿ, ಕಡಲೆ, ಸೋಯಾ ಬಿತ್ತುವಾಗ ನಮ್ಮ ರೈತರು ಬೀಜಕ್ಕೆ ಲೇಪಿಸುವ ಜೈವಿಕ ಗೊಬ್ಬರದ ಪೊಟ್ಟಣದಲ್ಲಿರುವುದೂ ಇದೇ ಗುಂಪಿನ ಬ್ಯಾಕ್ಟೀರಿಯಾ.

ಮರುವರ್ಷ, 1889ರಲ್ಲಿ, ಅವರು ಇನ್ನೊಂದು ಸರಳ ಉಪಾಯ ಕಂಡುಹಿಡಿದರು. ಯಾವುದೋ ಒಂದು ಪೋಷಕಾಂಶವನ್ನು ಬೇಕೆಂದೇ ಬಿಟ್ಟು ಮಾಡಿದ ಗಟ್ಟಿ ಮಾಧ್ಯಮದ ತಟ್ಟೆಯಲ್ಲಿ ಜೀವಿಯನ್ನು ಎಲ್ಲೆಡೆ ಬೆರೆಸುವುದು. ಆಮೇಲೆ ತಟ್ಟೆಯ ಬೇರೆ ಬೇರೆ ಜಾಗಗಳಲ್ಲಿ ಬೇರೆ ಬೇರೆ ಪದಾರ್ಥಗಳನ್ನು ಚಿಟಿಕೆಯಷ್ಟು ಇಡುವುದು. ಜೀವಿಗೆ ಒಗ್ಗುವ ಪದಾರ್ಥ ಇಟ್ಟ ಕಡೆ ಮಾತ್ರ ಬೆಳವಣಿಗೆಯ ಬಿಳಿ ವೃತ್ತ ಮೂಡುತ್ತದೆ. ಅಂದರೆ ತಟ್ಟೆಯೇ ಒಂದು ಪ್ರಶ್ನೆಪತ್ರಿಕೆ. ಉತ್ತರವನ್ನು ಜೀವಿಯೇ ಬರೆಯುತ್ತದೆ.

ಬಿಟ್ಟದ್ದರಿಂದ ಬರುವ ಜೀವಿ

1895ರಲ್ಲಿ ಬೈಯರಿಂಕ್ ಡೆಲ್ಫ್ಟ್ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕರಾದರು. ಮುಂದಿನ ಇಪ್ಪತ್ತಾರು ವರ್ಷ ಅವರ ಕರ್ಮಭೂಮಿ ಅದೇ. ಅವರ ಹೆಸರಿನೊಂದಿಗೆ ಬೆಸೆದಿರುವ ಆಯ್ಕೆ ಸಂವರ್ಧನೆ ಎಂಬ ವಿಧಾನ ಇಲ್ಲಿ ಪಕ್ವವಾಯಿತು. ಇದೇ ದಾರಿಯಲ್ಲಿ ಸ್ವತಂತ್ರವಾಗಿ ನಡೆದ ಇನ್ನೊಬ್ಬರು ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಈ ವಿಧಾನದ ಕೀರ್ತಿ ಇಬ್ಬರಿಗೂ ಸೇರಿದ್ದು.

ವಿಧಾನವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. 1901ರಲ್ಲಿ ಅವರು 100 ಭಾಗ ನಲ್ಲಿ ನೀರಿಗೆ 2 ಭಾಗ ಮ್ಯಾನಿಟಾಲ್ ಎಂಬ ಸಕ್ಕರೆಯಂಥ ಪದಾರ್ಥ, 0.02 ಭಾಗ ಪೊಟ್ಯಾಸಿಯಂ ಫಾಸ್ಫೇಟ್ ಬೆರೆಸಿ ತೆಳುವಾದ ಪದರದಂತೆ ಸುರಿದು, ಅದಕ್ಕೆ ಸ್ವಲ್ಪ ತೋಟದ ಮಣ್ಣು ಹಾಕಿದರು. ಈ ಪಟ್ಟಿಯಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದು ಮುಖ್ಯ. ಸಾರಜನಕದ ಯಾವ ಲವಣವನ್ನೂ ಅವರು ಸೇರಿಸಿರಲಿಲ್ಲ. ಪ್ರೋಟೀನು ಕಟ್ಟಲು ಸಾರಜನಕ ಬೇಕೇಬೇಕು. ಆದ್ದರಿಂದ ಗಾಳಿಯಿಂದ ನೇರವಾಗಿ ಸಾರಜನಕ ಪಡೆಯಬಲ್ಲ ಜೀವಿಗೆ ಮಾತ್ರ ಅಲ್ಲಿ ಚೆನ್ನಾಗಿ ಬೆಳೆಯಲು ಸಾಧ್ಯ. ಕೆಲವು ದಿನಗಳಲ್ಲಿ ದ್ರವದ ಮೇಲೆ ಪೊರೆ ಕಟ್ಟಿತು. ಅದರಲ್ಲಿ ದೊಡ್ಡ ಗಾತ್ರದ, ಅಲ್ಲಿಯವರೆಗೆ ಯಾರೂ ಬೇರ್ಪಡಿಸಿರದ ಬ್ಯಾಕ್ಟೀರಿಯಾಗಳಿದ್ದವು. ಅವುಗಳಿಗೆ ಅಜೋಟೋಬ್ಯಾಕ್ಟರ್ ಎಂದು ಹೆಸರಾಯಿತು. ಒಂದು ಪ್ರಭೇದ ತೋಟದ ಮಣ್ಣಿನದು, ಇನ್ನೊಂದು ಡೆಲ್ಫ್ಟ್ ಊರಿನ ಕಾಲುವೆಯ ನೀರಿನದು.

ಹೀಗೆ ಒಂದೊಂದು ಪದಾರ್ಥ ಸೇರಿಸುತ್ತ, ಒಂದೊಂದನ್ನು ಬಿಡುತ್ತ, ಗಾಳಿ ಕೊಡುತ್ತ, ಗಾಳಿ ತಡೆಯುತ್ತ ಅವರು ಸಲ್ಫೇಟನ್ನು ಬಳಸಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಿಡುವ ಬ್ಯಾಕ್ಟೀರಿಯಾ, ಯೂರಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ, ಗಂಧಕವನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾ ಇವೆಲ್ಲವನ್ನೂ ಸಾಮಾನ್ಯ ಮಣ್ಣು, ಕೆಸರು, ಚರಂಡಿ ನೀರಿನಿಂದಲೇ ಹೊರತಂದರು. ಹುಡುಕಿಕೊಂಡು ದೂರ ದೇಶಕ್ಕೆ ಹೋಗಲಿಲ್ಲ. ಎಲ್ಲವೂ ಕಾಲ ಕೆಳಗೇ ಇದ್ದವು. ಅವುಗಳಿಗೆ ಒಗ್ಗುವ ಪಾಕವನ್ನು ಯಾರೂ ಇಟ್ಟಿರಲಿಲ್ಲ ಅಷ್ಟೇ.

ಎಣ್ಣೆಯನ್ನು ಉಣ್ಣುವ ಜೀವಿಗಳು

ಈ ವಿಚಾರವನ್ನು ಹೈಡ್ರೋಕಾರ್ಬನ್‌ಗಳಿಗೆ ಅನ್ವಯಿಸಿದವರು ಬೈಯರಿಂಕ್ ಅವರ ವಿದ್ಯಾರ್ಥಿ ಸೋಹ್ನ್‌ಗೆನ್. ಹೈಡ್ರೋಕಾರ್ಬನ್ ಎಂದರೆ ಇಂಗಾಲ ಮತ್ತು ಜಲಜನಕ ಮಾತ್ರ ಇರುವ ಸಂಯುಕ್ತ. ಅವುಗಳಲ್ಲಿ ಅತಿ ಸರಳವಾದದ್ದು ಮೀಥೇನ್, ನಮ್ಮ ಗೋಬರ್ ಗ್ಯಾಸಿನ ಮುಖ್ಯ ಭಾಗ. ಕೆರೆಯ ಕೆಸರಿನಿಂದ, ಜೌಗು ನೆಲದಿಂದ ಮೀಥೇನ್ ಸದಾ ಏಳುತ್ತಿದ್ದರೂ ಗಾಳಿಯಲ್ಲಿ ಅದು ತುಂಬಿಕೊಳ್ಳುವುದಿಲ್ಲ. ಹಾಗಿದ್ದರೆ ಅದನ್ನು ಬಳಸಿ ಮುಗಿಸುವ ಜೀವಿಯೂ ಇರಬೇಕಲ್ಲವೇ? 1906ರಲ್ಲಿ ಸೋಹ್ನ್‌ಗೆನ್ ಲವಣಗಳ ದ್ರಾವಣವಿದ್ದ ಮುಚ್ಚಿದ ಪಾತ್ರೆಗಳಿಗೆ ಮೀಥೇನ್ ಮತ್ತು ಆಮ್ಲಜನಕ ತುಂಬಿ, ಮೀಥೇನನ್ನೇ ಇಂಗಾಲದ ಮೂಲವಾಗಿಯೂ ಶಕ್ತಿಯ ಮೂಲವಾಗಿಯೂ ಬಳಸುವ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. 1913ರಲ್ಲಿ ಪೆಟ್ರೋಲ್, ಸೀಮೆಎಣ್ಣೆ, ಪ್ಯಾರಾಫಿನ್ ಎಣ್ಣೆ, ಪ್ಯಾರಾಫಿನ್ ಮೇಣ ಇವನ್ನು ಆಹಾರವಾಗಿಸಿಕೊಳ್ಳುವ ಸೂಕ್ಷ್ಮಜೀವಿಗಳ ಬಗ್ಗೆ ವಿವರವಾದ ಪ್ರಬಂಧ ಪ್ರಕಟಿಸಿದರು.

ಇಂದು ಪ್ರಯೋಗಾಲಯಗಳಲ್ಲಿ ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವುದು 1941ರಲ್ಲಿ ಅಮೆರಿಕದ ಬುಶ್ನೆಲ್ ಮತ್ತು ಹಾಸ್ ರೂಪಿಸಿದ ಮಾಧ್ಯಮ. ಒಂದು ಲೀಟರ್ ನೀರಿಗೆ ಮೊನೊಪೊಟ್ಯಾಸಿಯಂ ಫಾಸ್ಫೇಟ್ 1 ಗ್ರಾಂ, ಡೈಪೊಟ್ಯಾಸಿಯಂ ಫಾಸ್ಫೇಟ್ 1 ಗ್ರಾಂ, ಅಮೋನಿಯಂ ನೈಟ್ರೇಟ್ 1 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.2 ಗ್ರಾಂ, ಫೆರಿಕ್ ಕ್ಲೋರೈಡ್ 0.05 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 0.02 ಗ್ರಾಂ. ಸಾರಜನಕ, ರಂಜಕ, ಗಂಧಕ, ಕಬ್ಬಿಣ ಎಲ್ಲವೂ ಇವೆ. ಇಂಗಾಲ ಮಾತ್ರ ಇಲ್ಲ. ಇಂಗಾಲವಾಗಿ ನಾವು ಸೇರಿಸುವುದು ಡೀಸೆಲ್ಲನ್ನೋ ಸೀಮೆಎಣ್ಣೆಯನ್ನೋ. ಅಜೋಟೋಬ್ಯಾಕ್ಟರ್ ಪಾಕದಲ್ಲಿ ಸಾರಜನಕವನ್ನು ಬಿಟ್ಟದ್ದು ಹೇಗೋ, ಇಲ್ಲಿ ಎಣ್ಣೆಯೊಂದನ್ನುಳಿದು ಬೇರೆಲ್ಲ ಇಂಗಾಲವನ್ನು ಬಿಟ್ಟದ್ದೂ ಹಾಗೆಯೇ. ಗ್ಯಾರೇಜಿನ ಮುಂದಿನ ಕಪ್ಪು ಮಣ್ಣನ್ನು ಚಿಟಿಕೆಯಷ್ಟು ಹಾಕಿ, ಗಾಳಿ ಸಿಗುವಂತೆ ಅಲುಗಾಡಿಸುತ್ತ ಇಟ್ಟರೆ ತಿಳಿಯಾದ ದ್ರವ ದಿನಗಳೆದಂತೆ ಮಬ್ಬಾಗುತ್ತದೆ. ಮೇಲೆ ತೇಲುತ್ತಿದ್ದ ಎಣ್ಣೆ ಸಣ್ಣ ಹನಿಗಳಾಗಿ ಒಡೆಯುತ್ತದೆ. ಅಲುಗಾಡಿಸುವುದಕ್ಕೆ ಕಾರಣವಿದೆ. ಎಣ್ಣೆ ನೀರಿನಲ್ಲಿ ಕರಗದ ಕಾರಣ ಬ್ಯಾಕ್ಟೀರಿಯಾ ಎರಡೂ ಸೇರುವ ಗಡಿಯಲ್ಲೇ ಕೆಲಸ ಮಾಡಬೇಕು. ಗಾಳಿಯಿರುವಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ಹೈಡ್ರೋಕಾರ್ಬನ್ ಒಡೆಯುವ ಮೊದಲ ಹೆಜ್ಜೆಯಲ್ಲೇ ಅದಕ್ಕೆ ಆಮ್ಲಜನಕವನ್ನು ಸೇರಿಸುತ್ತವೆ.

ಒಂದು ಎಚ್ಚರಿಕೆಯನ್ನೂ ಕಲಿತೆವು. ಮಾಧ್ಯಮವನ್ನು ಗಟ್ಟಿ ಮಾಡಲು ಬಳಸುವ ಅಗರ್‌ನಲ್ಲಿ ಇಂಗಾಲದ ಅಲ್ಪ ಕಲ್ಮಶ ಇರುತ್ತದೆ. ಅದನ್ನೇ ತಿಂದು ಬೆಳೆದ ಬ್ಯಾಕ್ಟೀರಿಯಾವನ್ನು ಎಣ್ಣೆ ತಿಂದಿತೆಂದು ಎಣಿಸುವ ಅಪಾಯವಿದೆ. ಆದ್ದರಿಂದ ಎಣ್ಣೆ ಹಾಕದ ಇನ್ನೊಂದು ತಟ್ಟೆಯನ್ನು ಪಕ್ಕದಲ್ಲಿ ಇಟ್ಟು ಹೋಲಿಸಲೇಬೇಕು. ನಿಯಂತ್ರಿತ ಪ್ರಯೋಗ ಎಂದರೇನು ಎಂದು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ವಿಚಾರ ಪ್ರಯೋಗಾಲಯದಲ್ಲೇ ನಿಲ್ಲಲಿಲ್ಲ. 1989ರ ಮಾರ್ಚ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾದ ಕರಾವಳಿಯಲ್ಲಿ ಬಂಡೆಗೆ ಬಡಿದು ಕಚ್ಚಾ ತೈಲ ಸೋರಿದಾಗ ಕಲ್ಲುಗಳಿಗೆ ಎಣ್ಣೆ ಮೆತ್ತಿಕೊಂಡಿತು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಅಲ್ಲಿ ಮೊದಲೇ ಇದ್ದವು. ಇಂಗಾಲ ಹೇರಳವಾಯಿತು, ಆದರೆ ಸಾರಜನಕ, ರಂಜಕ ಸಾಲದಾಯಿತು. ಆದ್ದರಿಂದ ದಡಕ್ಕೆ ಗೊಬ್ಬರ ಹಾಕಲಾಯಿತು. ಬುಶ್ನೆಲ್–ಹಾಸ್ ಪಾಕದ ಲವಣಗಳ ಕೆಲಸವನ್ನೇ ಅಲ್ಲಿ ಆ ಗೊಬ್ಬರ ಮಾಡಿತು.

ಯಾವ ಮಾಧ್ಯಮದಲ್ಲೂ ಬೆಳೆಯದ್ದು

ಇನ್ನು ಬೈಯರಿಂಕ್ ಅವರನ್ನು ಪಠ್ಯಪುಸ್ತಕಕ್ಕೆ ತಂದ ಕೆಲಸ. ವಾಗೆನಿಂಗನ್‌ನಲ್ಲಿ ಅವರ ಸಹೋದ್ಯೋಗಿಯಾಗಿದ್ದ ಅಡಾಲ್ಫ್ ಮಾಯರ್ ತಂಬಾಕಿನ ಎಲೆಗಳಲ್ಲಿ ಹಸಿರು–ಹಳದಿ ಮಚ್ಚೆ ಮೂಡುವ ರೋಗವನ್ನು ಅಧ್ಯಯನ ಮಾಡಿದ್ದರು. ರೋಗದ ಗಿಡದ ರಸದಿಂದ ರೋಗ ಹರಡುತ್ತಿತ್ತು, ರೋಗಾಣು ಮಾತ್ರ ಸಿಕ್ಕಿರಲಿಲ್ಲ. ಬೈಯರಿಂಕ್ ಆ ರಸವನ್ನು ಬ್ಯಾಕ್ಟೀರಿಯಾ ದಾಟದಂಥ ಪಿಂಗಾಣಿ ಶೋಧಕದಲ್ಲಿ ಸೋಸಿದರು. ಸೋಸಿದ ರಸವೂ ರೋಗ ತಂದಿತು. ತಮಗೆ ಗೊತ್ತಿದ್ದ ಮಾಧ್ಯಮಗಳಲ್ಲಿ ಏನೂ ಬೆಳೆಯಲಿಲ್ಲ. ಗಿಡದಿಂದ ಗಿಡಕ್ಕೆ ದಾಟಿಸಿದರೆ ಮಾತ್ರ ಹೆಚ್ಚುತ್ತಿತ್ತು, ಅದೂ ಬೆಳೆಯುತ್ತಿರುವ ಎಳೆಯ ಭಾಗಗಳಲ್ಲಿ.

ಮಾಧ್ಯಮಗಳ ಪಾಕದಲ್ಲಿ ಅವರಿಗೆ ಸಮನಾದವರು ಆಗ ವಿರಳ. ಇನ್ನೊಂದು ಪಾಕ ಹುಡುಕೋಣ ಎಂದು ಜೀವನವಿಡೀ ಕೂರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಬೆಳೆಯದಿರುವುದೇ ಇದರ ಗುಣ, ಜೀವಂತ ಕೋಶವೇ ಇದಕ್ಕಿರುವ ಏಕೈಕ ಮಾಧ್ಯಮ ಎಂದು 1898ರಲ್ಲಿ ತೀರ್ಮಾನಿಸಿ, ಅದನ್ನು ಸಾಂಕ್ರಾಮಿಕವಾದ ಜೀವಂತ ದ್ರವವೆಂದು ವರ್ಣಿಸಿ, ವೈರಸ್ ಎಂಬ ಪದ ಬಳಸಿದರು. ಅದು ದ್ರವವಲ್ಲ, ಕಣ ಎಂಬುದು ನಂತರ ತಿಳಿಯಿತು. ಆದರೆ ಬ್ಯಾಕ್ಟೀರಿಯಾಕ್ಕಿಂತ ಮೂಲತಃ ಬೇರೆಯಾದದ್ದೆಂಬ ಅವರ ಅರಿವು ಸರಿಯಾಗಿತ್ತು. ಸೋಸಿದ ರಸ ರೋಗ ತರುತ್ತದೆಂದು ರಷ್ಯಾದ ಇವಾನೋವ್‌ಸ್ಕಿ 1892ರಲ್ಲೇ ತೋರಿಸಿದ್ದರು. ಅದು ಗಮನಕ್ಕೆ ಬಂದಾಗ ಬೈಯರಿಂಕ್ ಆ ಮೊದಲಿಗತನವನ್ನು ಒಪ್ಪಿಕೊಂಡರು.

ಪ್ರಾಧ್ಯಾಪಕ ಬೈಯರಿಂಕ್

ಡೆಲ್ಫ್ಟ್ ಪ್ರಯೋಗಾಲಯದ ಒಳಗಿನ ಚಿತ್ರ ಇಷ್ಟು ಹಿತವಾಗಿಲ್ಲ. ವಿದ್ಯಾರ್ಥಿಗಳನ್ನು ಕಟುವಾಗಿ ನಿಂದಿಸುತ್ತಿದ್ದರು. ವಿಜ್ಞಾನಕ್ಕೂ ಮದುವೆಗೂ ಹೊಂದುವುದಿಲ್ಲವೆಂಬುದು ಅವರ ನಂಬಿಕೆ. ತಾವು ಮದುವೆಯಾಗಲಿಲ್ಲ, ಸಹಾಯಕರು ಮದುವೆಯಾದರೂ ಅವರಿಗೆ ಸಹನೆಯಾಗುತ್ತಿರಲಿಲ್ಲ. ಸಹೋದ್ಯೋಗಿಗಳೊಂದಿಗೆ ಕೂಡಿ ಮಾಡಿದ ಕೆಲಸ ಕಡಿಮೆ. ವಿದ್ಯಾರ್ಥಿಗಳು ತಮ್ಮನ್ನು ಮೆಚ್ಚುವುದಿಲ್ಲವೆಂಬ ನೋವು ಕೊನೆಯವರೆಗೂ ಕಾಡಿತು.

ಆದರೂ ಸೋಹ್ನ್‌ಗೆನ್ ಅವರಂಥ ಕೆಲವರು ಅಲ್ಲಿ ಬೆಳೆದರು. ತಾನೇ ಪ್ರಶ್ನೆ ಕಟ್ಟಿಕೊಂಡು ಬಂದವರಿಗೆ, ಬೈಗುಳವನ್ನು ತಡೆದುಕೊಳ್ಳಬಲ್ಲವರಿಗೆ ಆ ಪ್ರಯೋಗಾಲಯ ಒಗ್ಗಿತು. ಉಳಿದವರು ಹೊರಟುಹೋದರು. ಈ ಭಾಗ ಓದುವಾಗ ನನಗೆ ಅನಿಸಿದ್ದು ಇದು. ಗೊತ್ತಿಲ್ಲದೆಯೇ ಬೈಯರಿಂಕ್ ತಮ್ಮ ವಿದ್ಯಾರ್ಥಿಗಳ ಮೇಲೂ ಆಯ್ಕೆ ಸಂವರ್ಧನೆಯನ್ನೇ ನಡೆಸಿದ್ದರು. ಅವರು ಇಟ್ಟ ಮಾಧ್ಯಮ ಒಂದೇ. ಅದರಲ್ಲಿ ಬದುಕಬಲ್ಲವರು ಮಾತ್ರ ಉಳಿದರು. ಫ್ಲಾಸ್ಕಿನಲ್ಲಿ ಇದು ವಿಧಾನ. ತರಗತಿಯಲ್ಲಿ ಇದು ಅನ್ಯಾಯ.

1921ರಲ್ಲಿ ಎಪ್ಪತ್ತು ತುಂಬಿದಾಗ ನಿವೃತ್ತರಾದರು. ಇಬ್ಬರು ಅಕ್ಕಂದಿರೊಂದಿಗೆ ಹೋರ್ಸೆಲ್ ಎಂಬ ಹಳ್ಳಿಗೆ ಹೋಗಿ, ತಮ್ಮ ಮೊದಲ ಒಲವಾದ ಗಿಡಮರಗಳ ನಡುವೆ ಕೊನೆಯ ವರ್ಷಗಳನ್ನು ಕಳೆದರು. 1931ರ ಜನವರಿ 1ರಂದು ತೀರಿಕೊಂಡರು. ಅವರ ಸ್ಥಾನಕ್ಕೆ ಬಂದ ಆಲ್ಬರ್ಟ್ ಕ್ಲೂಯ್ವರ್ ಅವರ ಕಾಲದಲ್ಲಿ ಡೆಲ್ಫ್ಟ್ ಜಗತ್ತಿನ ವಿದ್ಯಾರ್ಥಿಗಳನ್ನು ಸೆಳೆಯುವ ಕೇಂದ್ರವಾಯಿತು.

ತರಗತಿಯಲ್ಲಿ ಬಳಸಿದ ಬಗೆ

ಈ ಬದುಕನ್ನು ನಾನು ಎರಡು ಅವಧಿಗಳಲ್ಲಿ ಹಂಚಿಕೊಂಡೆ. ಮೊದಲ ಅವಧಿಯಲ್ಲಿ ಪೋಷಕ ಮಾಧ್ಯಮ ಎಂದೊಡನೆ ಒಬ್ಬ ಹುಡುಗ ಅದು ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂದು ಕೇಳಿ ತರಗತಿಯನ್ನೆಲ್ಲ ನಗಿಸಿದ. ಆ ಪ್ರಶ್ನೆಯನ್ನು ನಾನು ಬಿಟ್ಟುಕೊಡಲಿಲ್ಲ. ಮೀನಿಗೆ ನೀರು ಮಾಧ್ಯಮ, ಪಾಠಕ್ಕೆ ಭಾಷೆ ಮಾಧ್ಯಮ, ಬ್ಯಾಕ್ಟೀರಿಯಾಕ್ಕೆ ಈ ದ್ರವ ಮಾಧ್ಯಮ ಎಂದು ಮುಂದುವರಿಸಿದಾಗ ಪರಿಕಲ್ಪನೆ ತಾನಾಗಿ ತಿಳಿಯಾಯಿತು.

ನಂತರ ಕಪ್ಪುಹಲಗೆಯ ಮೇಲೆ ಮೂರು ಪಾಕಗಳನ್ನು ಬರೆದೆ. ಒಂದರಲ್ಲಿ ಮಾಂಸದ ಸಾರು, ಎರಡನೆಯದರಲ್ಲಿ ನೀರು, ಸಕ್ಕರೆಯಂಥ ಪದಾರ್ಥ ಮತ್ತು ಫಾಸ್ಫೇಟ್, ಮೂರನೆಯದರಲ್ಲಿ ಲವಣಗಳು ಮತ್ತು ಸೀಮೆಎಣ್ಣೆ. ಯಾವ ಪಾಕಕ್ಕೆ ಯಾರು ಬರುತ್ತಾರೆ, ಏಕೆ ಎಂದು ಗುಂಪುಗಳಲ್ಲಿ ಚರ್ಚಿಸಲು ಹೇಳಿದೆ. ಶಾಲೆಯಲ್ಲಿ ಅಪರಿಚಿತ ಸೂಕ್ಷ್ಮಜೀವಿಗಳನ್ನು ಬೆಳೆಸುವುದೂ ಸೀಮೆಎಣ್ಣೆ ಬಳಸುವುದೂ ಸುರಕ್ಷಿತವಲ್ಲವಾದ್ದರಿಂದ ಇದನ್ನು ಹಲಗೆಯ ಮೇಲಿನ ಚಟುವಟಿಕೆಯಾಗಿಯೇ ಇಟ್ಟೆ.

ಎರಡನೆಯ ಅವಧಿಗೆ ಹೆಸರು ಮತ್ತು ಶೇಂಗಾ ಗಿಡಗಳನ್ನು ಬೇರು ಸಹಿತ ತರಿಸಿದ್ದೆ. ಅಲ್ಲಿಯವರೆಗೆ ಕೇಳಿದ ಯಾವ ಪ್ರಶ್ನೆಗೂ ಬಾಯಿ ಬಿಡದ, ಕಿರುಪರೀಕ್ಷೆಯಲ್ಲಿ ಹಾಳೆಯನ್ನು ಬಹುತೇಕ ಖಾಲಿ ಕೊಟ್ಟಿದ್ದ ಹುಡುಗಿಯೊಬ್ಬಳು ಮುಂದೆ ಬಂದು, ಗಂಟನ್ನು ಉಗುರಿನಿಂದ ಒಡೆದು, ಒಳಗೆ ಕೆಂಪಿದ್ದರೆ ಗಿಡ ಚೆನ್ನಾಗಿದೆ, ಹಸಿರೋ ಕಂದೋ ಆಗಿದ್ದರೆ ಗಂಟಿನ ಕೆಲಸ ಮುಗಿದಿದೆ ಎಂದು ವಿವರಿಸಿದಳು. ಅವಳ ಅಜ್ಜಿ ಹೊಲದಲ್ಲಿ ಹೇಳಿಕೊಟ್ಟದ್ದಂತೆ. ಅವಳು ಹೇಳಿದ್ದು ನಿಜ. ಕೆಲಸ ಮಾಡುತ್ತಿರುವ ಗಂಟಿನಲ್ಲಿ ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ವರ್ಣಕ ಇರುತ್ತದೆ. ಕಿರುಪರೀಕ್ಷೆಯ ಹಾಳೆಯಲ್ಲಿ ಈ ತಿಳಿವಳಿಕೆ ಬರೆಯಲು ಜಾಗವೇ ಇರಲಿಲ್ಲ.

ಮಕ್ಕಳನ್ನು ಬ್ಯಾಕ್ಟೀರಿಯಾಗಳಿಗೆ ಹೋಲಿಸುವುದು ಸರಿಯಲ್ಲ, ಹೋಲಿಕೆಯನ್ನು ಬಹಳ ದೂರ ಎಳೆಯಲೂ ಬಾರದು. ಆದರೆ ಒಂದೇ ಬಗೆಯ ಪ್ರಶ್ನೆಪತ್ರಿಕೆ, ಒಂದೇ ಬಗೆಯ ನೋಟ್ಸು ಇಟ್ಟು, ಅದರಲ್ಲಿ ಬೆಳೆದವರನ್ನು ಜಾಣರೆಂದೂ ಬೆಳೆಯದವರನ್ನು ದಡ್ಡರೆಂದೂ ಕರೆಯುವಾಗ ನಾವು ಅಳೆಯುತ್ತಿರುವುದು ಮಗುವನ್ನೋ ನಮ್ಮ ಮಾಧ್ಯಮವನ್ನೋ ಎಂದು ಕೇಳಿಕೊಳ್ಳಲೇಬೇಕು. ಎಣ್ಣೆ ಹಾಕದ ತಟ್ಟೆಯನ್ನು ಪಕ್ಕದಲ್ಲಿಡುವಂತೆ, ಒಂದು ಘಟಕಕ್ಕೆ ಕನಿಷ್ಠ ಎರಡು ಬಗೆಯ ಮೌಲ್ಯಮಾಪನ ಇರಬೇಕು ಎಂಬುದು ನನ್ನ ಅನಿಸಿಕೆ. ಒಂದು ಬರವಣಿಗೆಯದು, ಇನ್ನೊಂದು ಕೈಗೆ ವಸ್ತು ಕೊಟ್ಟು ಮಾತಾಡಿಸುವುದು.

ಈ ಪಾಠವನ್ನು ಬಳಸಬಯಸುವ ಸಹಪಾಠಿಗಳಿಗೆ ಒಂದು ಸೂಚನೆ. ಬೇರುಗಂಟುಗಳು ಗಿಡ ಹೂ ಬಿಡುವ ಹೊತ್ತಿಗೆ ಚೆನ್ನಾಗಿ ಕಾಣುತ್ತವೆ. ಆದ್ದರಿಂದ ಘಟಕ ಯೋಜನೆ ಬರೆಯುವಾಗ ಊರಿನ ಬಿತ್ತನೆಯ ಕಾಲವನ್ನು ವಿಚಾರಿಸಿಕೊಳ್ಳಿ. ಗಿಡವನ್ನು ಕೈಯಿಂದ ಎಳೆದರೆ ಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ಸುತ್ತಲಿನ ಮಣ್ಣಿನೊಂದಿಗೆ ಅಗೆದು ತೆಗೆದು, ನೀರಿನಲ್ಲಿ ನಿಧಾನವಾಗಿ ತೊಳೆಯಬೇಕು. ಹೇಗೆ ಅಗೆಯಬೇಕೆಂಬುದನ್ನು ಮಕ್ಕಳನ್ನೇ ಕೇಳಿ. ಹಳ್ಳಿಯ ಶಾಲೆಯಾದರೆ ತೋರಿಸಿಕೊಡುವವರು ತರಗತಿಯಲ್ಲೇ ಸಿಗುತ್ತಾರೆ.